ದುಲಮ್‌ಸುರೇನ್ ಫಿಲ್ಟರ್ ಮಾರುತ್ತಾಳೆ

ಬಾಗಿಲು ಹಾಕಿ ಬಾ, ಗೋಬಿಯನ್ನೆಲ್ಲ ಒಳಗೆ ಕರೀಬೇಡ.
ಈ ಕಂಟೇನರಿನಲ್ಲಿ ನಾನು, ಒಲೆ, ಉಪ್ಪು ಹಾಕಿದ ಹಾಲಿನ ಚಾ,
ನೆಲದಿಂದ ಸೂರಿನ ತನಕ ಫಿಲ್ಟರಿನ ಡಬ್ಬಿಗಳು.
ಧೂಳಿಗೆ ಬೇರೆ ಜಾಗ ಇಲ್ಲ.

ಗಾಡಿ ಯಾವುದು? ಆ ಹಳದಿ ಮೂತಿಯದ್ದಾ?
ಹಾಗಾದರೆ ನೀನು ಚೋಯ್ಜಿಲನ ಮಗ.
ಅಪ್ಪನ ಗಾಡಿ, ಅಪ್ಪನ ಜಾಕೆಟ್ಟು,
ಬೆಲೆ ಕೇಳುವ ಮೊದಲೇ ಜೇಬು ತಡವುವ ರೀತಿಯೂ ಅವನದೇ.
ಗಡಿಯ ಸಾಲಿನಲ್ಲಿ ಎಷ್ಟು ದಿನ ನಿಂತೆ? ಆರಾ?
ಮುಂದಿನ ಗಾಡಿಯ ಧೂಳು ಹಿಂದಿನದಕ್ಕೆ,
ಅವೆರಡರದೂ ಅದರ ಹಿಂದಿನದಕ್ಕೆ,
ಸಾಲಿನ ಕೊನೆಯವನಿಗೆ ಇಡೀ ರಸ್ತೆಯೇ ಊಟ.

ಅಗ್ಗದ್ದು ಕೊಡಿ ಅಂತೀಯ. ಇದೆ. ತಗೋ, ನೋಡು.
ಒಳಗೆ ಟಾರ್ಚು ಬಿಡು. ಕಂಡಿತಾ, ಅಂಟು ಹತ್ತದ ಕಡೆ
ಸೂಜಿಮೊನೆಯಷ್ಟು ಬೆಳಕು?
ಬೆಳಕು ನುಸುಳಿದ ದಾರಿ ಮರಳಿಗೂ ಗೊತ್ತು.
ನಿರಿಗೆ ನೋಡು, ಅವಸರಕ್ಕೆ ಹಿಡಿದದ್ದು,
ಒಂದು ದಪ್ಪ, ಒಂದು ತೆಳು, ಒಂದು ಅರ್ಧಕ್ಕೇ ಮಲಗಿದೆ.
ರಬ್ಬರಿಗೆ ಉಗುರು ಒತ್ತು. ಗುರುತು ಹಾಗೇ ಉಳೀತಲ್ಲ,
ಮೈನಸ್ ಮೂವತ್ತರಲ್ಲಿ ಅದು ಕಲ್ಲು.
ಡಬ್ಬಿಯ ಮೇಲಿನ ಸಿಂಹದ ಚಿತ್ರ ಮಾತ್ರ ಅಸಲಿ.

ಇದು ಹತ್ತಿಯದು, ಎಣ್ಣೆ ಹಚ್ಚುವಂಥದ್ದು.
ತೊಳೆದು ತೊಳೆದು ಜೀವಮಾನ ಪೂರ್ತಿ ಬಳಸಬಹುದಂತೆ.
ಯಾರ ಜೀವಮಾನ ಅಂತ ಬರೆದಿಲ್ಲ.
ನೆರಳಲ್ಲಿ ಒಣಗಿಸಬೇಕು, ಎಣ್ಣೆ ಹೆಚ್ಚಾದರೂ ಕಷ್ಟ, ಕಮ್ಮಿಯಾದರೂ ಕಷ್ಟ.
ಮುಖ ತೊಳೆಯೋಕೆ ನೀರಿದೆಯಾ ನಿನಗೆ ಇಲ್ಲಿ?
ಉಲಾನ್‌ಬಾತರಿನ ಟಾರು ರಸ್ತೆಯ ಹುಡುಗರಿಗೆ ಅದು,
ಎಂಜಿನ್ ಗುರ್ ಅಂದರೆ ಸಾಕು ಅವರಿಗೆ.

ಇದನ್ನು ತಗೋ. ಕಾಗದದ್ದೇ.
ಹೊರಗೊಂದು, ಒಳಗೊಂದು,
ಹೊರಗಿನದು ಸೋತರೆ ಒಳಗಿನದು.
ಎತ್ತಿ ನೋಡು, ಆಗ ತಾನೇ ಹುಟ್ಟಿದ ಕುರಿಮರಿಯ ತೂಕ.
ಬೆಲೆಗೆ ಮುಖ ಸಣ್ಣ ಮಾಡಬೇಡ.
ಟರ್ಬೊದ ಬೆಲೆ ಕೇಳಿದ ದಿನ ನಿನ್ನಪ್ಪ
ಈ ಸ್ಟೂಲಿನ ಮೇಲೆ ಎಷ್ಟು ಹೊತ್ತು ಕೂತಿದ್ದ ಗೊತ್ತಾ?
ಅವನ ಚಾ ಆರಿ ಕೆನೆ ಕಟ್ಟಿತ್ತು.

ಪಾಪ, ಅವನಿಗೆ ಕಾಳಜಿ ಜಾಸ್ತಿ.
ದಿನಾ ತೆಗೆಯುವುದು, ಟೈರಿಗೆ ಬಡಿಯುವುದು,
ಕಂಪ್ರೆಸರಿನ ಗಾಳಿ ಹೊಡೆಯುವುದು.
ಕಣ್ಣಿಗೆ ಚೊಕ್ಕಟ. ಕಾಗದ ಮಾತ್ರ ಒಳಗೊಳಗೇ ಜರಡಿಯಾಗಿತ್ತು.
ಕೇಳು, ಇದನ್ನು ಡಬ್ಬಿಯ ಮೇಲೆ ಯಾರೂ ಬರೆಯುವುದಿಲ್ಲ:
ಮೊದಲು ಬಂದು ಕೂತ ಧೂಳೇ
ಆಮೇಲಿನ ಧೂಳನ್ನು ಹಿಡಿಯುವುದು.
ತೀರ ಹೊಸದಕ್ಕೆ ಅಷ್ಟು ಕೈ ಬರುವುದಿಲ್ಲ.
ಒಂದಿಷ್ಟು ಕೊಳೆಯಾಗಲಿ ಬಿಡು.
ಏರಿನಲ್ಲಿ ಗಾಡಿ ಏದುಸಿರು ಬಿಟ್ಟು
ಕಪ್ಪು ಹೊಗೆ ಕಾರಿತೋ, ಆಗ ಬದಲಿಸು.
ನಮ್ಮದಾದರೆ ಮೂಗು ಹಿಡಿದರೆ ಬಾಯಿ ಬಿಡುತ್ತೆ,
ಎಂಜಿನ್ನಿಗೆ ಬಾಯಿ ಬೇರೆ ಇಲ್ಲ.

ಹಾಕುವ ಮುಂಚೆ ಫಿಲ್ಟರಿನ ಆಚೆಯ ಕೊಳವೆಯಲ್ಲಿ ಬೆರಳಾಡಿಸು.
ಬೆರಳು ಹೋದ ಹಾಗೇ ಬಂದರೆ ಸರಿ.
ಬೂದಿ ಹತ್ತಿತೋ, ನನ್ನ ಹತ್ರ ಬರಬೇಡ,
ಮೆಕ್ಯಾನಿಕ್ ಯಾದಮನ ಹತ್ರ ಹೋಗು, ಅವನು ಬೈದು ಆಮೇಲೆ ರಿಪೇರಿ ಮಾಡ್ತಾನೆ.

ದುಡ್ಡು ಪೂರ್ತಿ ಇಲ್ಲವಾ? ಇದ್ದಷ್ಟು ಇಡು.
ಉಳಿದದ್ದು ಕಲ್ಲಿದ್ದಲು ಇಳಿಸಿ ಬಂದ ಮೇಲೆ.
ಅಪ್ಪನ ಲೆಕ್ಕದ ಕೆಳಗೇ ಬರೀತೀನಿ, ಹೊಸ ಹಾಳೆ ಯಾಕೆ.

ಏನೋ ಅದು ಕೆಮ್ಮು? ಯಾವಾಗಿಂದ?
ಆ ಕಡೆ ತಿರುಗಬೇಡ, ಕೇಳಿಸ್ತು, ತಳದಿಂದ ಬಂದದ್ದು.
ಈ ಗೋಡೆಯಲ್ಲಿ ಎಂಬತ್ತು ಗಾಡಿಗಳ ಅಳತೆ ಇದೆ,
ಜನರೇಟರಿನದು ಇದೆ, ಬಾವಿ ಪಂಪಿನದು ಇದೆ,
ರಷ್ಯದ ಹಳೇ ಜೀಪಿನದು ಕೂಡ.
ಅದಕ್ಕೆ ಮಾತ್ರ ನನ್ನ ಹತ್ರ ಸೈಜಿಲ್ಲ.

ಚಾ ಕುಡಿ.
ಬಿಸಿ ಇದ್ದಾಗಲೇ.