ಕೊಸರು

ಸ್ಟಾಕ್‌ಪೋರ್ಟಿನ ಕೆಂಪು ರೈಲು ಸೇತುವೆ ದಾಟಿದರೆ
ಗಿಡ ಮಾರುವ ದೊಡ್ಡ ಗಾಜಿನ ಶೆಡ್ಡು.
ಅದರ ಹಿಂಬಾಗಿಲಲ್ಲಿ, ಚರಂಡಿ ಪಕ್ಕ,
ಒಂದು ಟ್ರಾಲಿ ನಿಂತಿರುತ್ತದೆ, ಹಳದಿ ಚೀಟಿಗಳದು:
ಹೂ ಮುಗಿದವು, ರೆಂಬೆ ಮುರಿದವು,
ಹೆಸರಿನ ಪಟ್ಟಿ ಕಳಕೊಂಡವು.
ಐವತ್ತು ಪೆನ್ಸು. ಒಂದು ಪೌಂಡು.
ಮುಂಬಾಗಿಲಲ್ಲಿ ನನಗೇನು ಕೆಲಸ?

ಸೆಪ್ಟೆಂಬರಿನ ಒಂದು ಮಂಗಳವಾರ, ರಾತ್ರಿ ಪಾಳಿ ಮುಗಿಸಿ,
ಆಸ್ಪತ್ರೆಯ ಸಾಬೂನು ನಾರುವ ಕೈಯಲ್ಲೇ
ಎತ್ತಿಕೊಂಡೆ ಒಂದು ಹೈಡ್ರೇಂಜಿಯಾ.
ಎಲೆಯೆಂದರೆ ಸುಟ್ಟ ಹಪ್ಪಳ.
ಬೇರು ಕುಂಡದ ತೂತಿನಿಂದ ಹೊರಬಿದ್ದು
ನೆಲ ಹುಡುಕುತ್ತಿತ್ತು.
"ಕೊಸರು ಏನೂ ಇಲ್ಲವಾ?" ಅಂದುಬಿಟ್ಟೆ,
ಬಾಯಿ ತಪ್ಪಿ, ಕನ್ನಡದಲ್ಲೇ.
(ನಮ್ಮಮ್ಮ ಚಿಂತಾಮಣಿ ಸಂತೆಯಲ್ಲಿ
ಕೊಸರಿಲ್ಲದೆ ಚೀಲ ಎತ್ತಿದವಳಲ್ಲ;
ಎರಡೆಸಳು ಕರಿಬೇವಾದರೂ ಬೀಳಬೇಕು.)
ಗಲ್ಲಾದ ಹುಡುಗ ರಸೀದಿ ಕೊಟ್ಟ.

ಇವರು ಅಡುಗೆಮನೆ ಕಿಟಕಿಯಿಂದ ನೋಡಿ
"ಕಾಸಿಗೆ ತಕ್ಕ ಕಜ್ಜಾಯ" ಅಂದರು.

ಹಿತ್ತಲೆಂದರೆ ಎಂಟು ಹೆಜ್ಜೆ ಜೇಡಿ,
ಸಲಿಕೆಗೆ ಅಂಟುವ, ಬಿಸಿಲಿಗೆ ಇಟ್ಟಿಗೆಯಾಗುವ ಮಣ್ಣು,
ಯಾರೋ ಹೂತ ಒಡಕು ಬಸಿ, ಒಂದು ಗೋಲಿ.
ಬೇಲಿಯಾಚೆ ಎಂಟ್‌ವಿಸಲ್, ಮೂವತ್ತು ವರ್ಷ ಬಸ್ಸು ಓಡಿಸಿದವ,
ಹೇಳಿಕೊಟ್ಟ: ಉಗುರಲ್ಲಿ ತೊಗಟೆ ಗೀರಿ ನೋಡು,
ಒಳಗೆ ಹಸಿರಿದ್ದರೆ ಜೀವ.
ಕಂದಿದ್ದರೆ ಕೆಳಗೆ ಗೀರು. ಇನ್ನೂ ಕೆಳಗೆ.
ಗೀರುತ್ತ ಗೀರುತ್ತ ಮಣ್ಣಿಗೆ ಬಂದೆ.
ಅಲ್ಲಿ ನಿಲ್ಲಿಸಿದೆ.

ಬಹುವಾರ್ಷಿಕ:
ಏಳನೇ ತರಗತಿಯಲ್ಲಿ ಬರೆದುಕೊಂಡ ಪದ, ನಂಬಿದ್ದಲ್ಲ.
ನವೆಂಬರಿಗೆ ಪಾತಿಗೆ ಪಾತಿಯೇ ಕಪ್ಪಾಗಿ ಮಲಗಿತು,
ಫ್ಲಾಕ್ಸು, ಸೇಡಮ್ಮು, ಎರಡು ಪೌಂಡಿನ ಆಸ್ಟರು.
ಉಳಿದದ್ದು ನಾನು ಹೆಸರು ಬರೆದು ನೆಟ್ಟ
ಐಸ್‌ಕ್ರೀಮ್ ಕಡ್ಡಿಗಳು.
ಮಳೆಗೆ ಒತ್ತಕ್ಷರಗಳು ಮೊದಲು ಅಳಿಸಿದವು.

ಮಾರ್ಚ್ ಕೊನೆ.
ಉಳಿದವೆಲ್ಲ ಮೂಗು ತೂರಿಸಿವೆ, ಹೈಡ್ರೇಂಜಿಯಾ ಸತ್ತಿದೆ.
ಕೀಳಲು ಬಗ್ಗಿದರೆ ಬುಡದಲ್ಲಿ
ಮುಷ್ಟಿ ಬಿಚ್ಚುತ್ತಿರುವ ಒಂದು ಎಲೆ,
ಏಳು ಬೆರಳಿನದು.
ಕೊಂಡದ್ದಲ್ಲ, ನೆಟ್ಟದ್ದಲ್ಲ.
ಎಂಟ್‌ವಿಸಲ್ ಕನ್ನಡಕ ಏರಿಸಿದ:
ಜೆರೇನಿಯಂ, ಹುಲ್ಲುಗಾವಲಿನದು.
ಕುಂಡದ ಮಣ್ಣಲ್ಲೇ ಬಂದಿರಬೇಕು.
ಇನ್ನು ನೀನು ಓಡಿಸಿದರೂ ಹೋಗದು.

ಕೊಸರು!
ಆ ಹುಡುಗ ರಸೀದಿಯಲ್ಲಿ ಬರೆಯದೆ ಕೊಟ್ಟ ಕೊಸರು!
ಅಮ್ಮನಿಗೆ ಫೋನು ಮಾಡಿ ಹೇಳಿದೆ.
"ತೂಕ ಸರಿ ಇತ್ತಾ?" ಅಂದಳು.

ಜೂನಿನಲ್ಲಿ ನೀಲಿ. ಮೊಣಕಾಲೆತ್ತರದ ನೀಲಿ.
ಒಂದು ಬುಡ ಸೀಳಿ, ಮೊಸರಿನ ಡಬ್ಬಿಯಲ್ಲಿಟ್ಟು
ಬೇಲಿಯ ಮೇಲಿಂದ ಚಾಚಿದರೆ
ಎಂಟ್‌ವಿಸಲ್ ಕಿವಿ ಕೆರೆದುಕೊಂಡ:
"ಹೇಳಬಾರದೆಂದಿದ್ದೆ. ಶೆಡ್ಡಿನ ಹಿಂದೆ ನನ್ನದೂ ಇದೆ, ಇದೇ.
ಇದರ ಕಾಯಿ ಸಿಡಿದರೆ ಬೀಜ ಬೇಲಿ ಹಾರುತ್ತದೆ."

ಹಾರಲಿ. ಡಬ್ಬಿ ಅವನೇ ಇಟ್ಟುಕೊಂಡ.

ಸತ್ತ ಹೈಡ್ರೇಂಜಿಯಾವನ್ನು ಇನ್ನೂ ಕಿತ್ತಿಲ್ಲ.
ಗಾಳಿ ಬಂದಾಗ ಆ ನೀಲಿಗೆ ಒರಗಲು ಏನಾದರೂ ಬೇಕು.
ಇವರು ಕೇಳಿದರೆ ಹೇಳುತ್ತೇನೆ:
ಗೂಟ.
ಐವತ್ತು ಪೆನ್ಸು.