ನಾಲ್ಕು ಬೆರಳು

ಮೋಟಾರು ರಸ್ತೆ ಆಚೆ ಮಗ್ಗುಲಿಗೆ ಹೋದಮೇಲೆ
ಈ ಹೇಸರಗತ್ತೆಯ ದಾರಿಗೆ ಉಳಿದದ್ದು
ಏಳು ಪುಟ್ಟ ಗುಡಿ, ಒಂದು ಒರತೆ,
ಸೌದೆಗೆಂದು ಆಗೀಗ ಹತ್ತುವ ನಾನು.
ಒಳಗೆ ಒಬ್ಬರು ನಿಲ್ಲಲೂ ಜಾಗವಿಲ್ಲದ ಗುಡಿಗಳು;
ಸಂತರು ಮಾತ್ರ ನಿಂತಿದ್ದಾರೆ, ಹತ್ತಿರ ಇನ್ನೂರು ಚಳಿಗಾಲ.

ಐದನೆಯದು ರೊಕ್ಕೊ ಸಂತನದು.
ಚಪ್ಪಡಿ ಮಾಡು ಕುಸಿದು, ಗೋಡೆಗೆ ಬೇರು ಇಳಿದು
ಅವನ ಎಡಗಣ್ಣಿನ ಮೇಲೆ ಕಣಜ ಗೂಡು ಕಟ್ಟಿತ್ತು.
ಕಾಲರಾ ಬಂದ ವರ್ಷ ಹರಕೆ ಹೊತ್ತವರು ಯಾರೋ,
ಹೆಸರಿದ್ದ ಸಾಲನ್ನು ತೇವ ತಿಂದಿದೆ.
‘ಮತ್ತು ಅವಳ ಮಕ್ಕಳು’ ಎಂಬಷ್ಟು ಉಳಿದಿದೆ.

ತುರಿನ್‌ನಿಂದ ಬಂದ ತಜ್ಞೆ
ಹತ್ತಿ ಸುತ್ತಿದ ಕಡ್ಡಿಯಿಂದ ಮೂರು ವಾರ
ಮಸಿ ಒರೆಸಿದಳು, ಮಗುವಿನ ಕಿವಿ ಒರೆಸುವ ಹಾಗೆ.
ಸಂತನ ಕಾಲ ಬಳಿ ರೊಟ್ಟಿ ಕಚ್ಚಿದ ನಾಯಿ ಇರಬೇಕು;
ಹೊರಬಂದದ್ದು ಮೇಕೆ.
ಗಡ್ಡವಿದೆ. ಬಾಯಲ್ಲಿ ರೊಟ್ಟಿಯೂ ಇದೆ.
“ಚಿತ್ರಗಾರ ನಾಯಿ ನೋಡಿರಲಿಲ್ಲವೆ?” ಎಂದಳು.
“ನೋಡಿದ್ದ. ಬರೆಯಲು ಕೂತಾಗ ಎದುರಿಗಿದ್ದದ್ದು ಮೇಕೆ,”
ಓರೆಸ್ತೆ ಹೇಳಿದ, ಗಾರೆ ಕಲಸುತ್ತ.
ಮೇಕೆ ಹಾಗೇ ಉಳಿಯಿತು.

ನನ್ನ ಪಾಲಿಗೆ ಬಂದದ್ದು ಗುಡಿಯ ಮುಂದಿನ ಕಟ್ಟೆ.
ನಕ್ಷೆ ನೋಡಿ ಕಲ್ಲಿಗೆ ಕಲ್ಲು ಕೂರಿಸಿದೆ,
ಸಿಮೆಂಟು ಮುಟ್ಟದೆ,
ಎರಡು ವರ್ಷ ಗುಂಡಿಯಲ್ಲಿ ಮಾಗಿದ ಸುಣ್ಣ, ಹೊಳೆಮರಳು
(ಬೆರಳ ಸಂದಿ ಇನ್ನೂ ಉರಿಯುತ್ತದೆ).
ಮಟ್ಟಗೋಲಿನ ಗುಳ್ಳೆ ನಟ್ಟನಡುವೆ ನಿಂತಾಗ
ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಆಶೀರ್ವಾದದ ಹಿಂದಿನ ದಿನ ಎರ್ಮೆಲಿಂದಾ ಹತ್ತಿ ಬಂದಳು,
ಎಂಬತ್ತೇಳು; ನಿಂತು ನಿಂತು, ದಾರಿಯನ್ನು ಬೈಯುತ್ತ.
ಸಂತನ ಕಡೆ ನೋಡಲಿಲ್ಲ.
ಕಟ್ಟೆಗೆ ಬೆನ್ನು ಮಾಡಿ
ಮೊಣಕಾಲು ತುಸು ಮಡಿಸಿ, ಹೆಗಲೆರಡೂ ಹಿಂದಕ್ಕೆ ಚೆಲ್ಲಿ
ಇಲ್ಲದ ಬುಟ್ಟಿಯನ್ನು ಇಳಿಸಲು ಹೋದಳು.
ಬುಟ್ಟಿ ತಾಗಿತು. ತಾಗಿದ್ದನ್ನು ನಾನು ಕಂಡೆ.
“ಎತ್ತರವಾಯ್ತು. ನಾಲ್ಕು ಬೆರಳು.”

“ನೀನು ಕುಗ್ಗಿದ್ದೀಯ ಅಜ್ಜಿ,” ಎಂದ ಓರೆಸ್ತೆ.
“ಕುಗ್ಗಿದ್ದೇನೆ. ಅದನ್ನು ಕಳೆದೇ ಹೇಳಿದೆ.”
ನಾನು ನಕ್ಷೆ ತೋರಿಸಿದೆ.
“ನಕ್ಷೆ ಹುಲ್ಲು ಹೊತ್ತಿದೆಯೇನು?
ಒಂಬತ್ತಕ್ಕೇ ನನ್ನನ್ನು ಹೊರಲು ಹಚ್ಚಿದರು.
ಹುಲ್ಲು, ಗೊಬ್ಬರ, ಒಮ್ಮೆ ತಮ್ಮನನ್ನು, ಜ್ವರ ಬಂದವನನ್ನು.
ಪ್ರಾರ್ಥನೆ ಯಾರಿಗೆ ನೆನಪಿರುತ್ತಿತ್ತು? ಭಾರ ಇಳಿದಾಗ
ಬಾಯಿಂದ ಒಂದು ಉಸಿರು ಹೋಗುತ್ತಿತ್ತು, ಅಷ್ಟೆ.
ಅದನ್ನೇ ತೆಗೆದುಕೊಂಡಿರಬೇಕು ಅವನು.”

ಆ ರಾತ್ರಿ ಲಾಟೀನು ಹಿಡಿದು ಓರೆಸ್ತೆ, ಉಳಿ ಹಿಡಿದು ನಾನು.
ಮೇಲಿನ ಚಪ್ಪಡಿ ಎತ್ತಿ, ಕೆಳಗಿನ ವರಸೆ ಕೆತ್ತಿ
ಮತ್ತೆ ಕೂರಿಸಿದೆವು.
ಮರಳು ತಂದ ಬುಟ್ಟಿ ಅಲ್ಲೇ ಇತ್ತು; ಬೆನ್ನಿಗೇರಿಸಿ
ಒಬ್ಬ ಹೆಂಗಸಿನಷ್ಟು ಎತ್ತರಕ್ಕೆ ಮೊಣಕಾಲು ಮಡಿಸಿ
ಕತ್ತಲಲ್ಲಿ ಹಿಂದಕ್ಕೆ ಒರಗಿದೆ.
ಹುಡುಕಬೇಕಾಗಲಿಲ್ಲ.
ಕಲ್ಲೇ ಬಂದು ಹಿಡಿದುಕೊಂಡಿತು.

ಬೆಳಿಗ್ಗೆ ಪಾದ್ರಿ ನೀರು ಚಿಮುಕಿಸಿದಾಗ
ಸುಣ್ಣ ಇನ್ನೂ ಹಸಿಯಿತ್ತು.
ಮೇಕೆ ರೊಟ್ಟಿ ಬಿಟ್ಟಿರಲಿಲ್ಲ.