ನಾ ಅಂದರೆ

ಬಿಬಿಯಾನಾ, ಕೈ ಒರೆಸಿಕೊಂಡು ಬಾ, ಕೂತುಕೋ.
ಬದಲಿಯವರು ಬರಲು ಇನ್ನೂ ಅರ್ಧ ತಾಸಿದೆ.
ಚಾ ಆರಿದೆ. ಆರಲಿ.
ಈ ಕೆಲಸದಲ್ಲಿ ಬಿಸಿ ಚಾ ಕುಡಿದವರನ್ನು ನಾನು ಕಂಡಿಲ್ಲ.

ಕೈ ತೊಳೆ, ಮಂಚದ ಕಂಬಿ ಏರಿಸು,
ಕೊಡುವ ಮೊದಲೇ ‘ಕೊಟ್ಟೆ’ ಎಂದು ಬರೆಯಬೇಡ:
ತರಬೇತಿಯಲ್ಲಿ ಇದೆಲ್ಲ ಹೇಳಿರುತ್ತಾರೆ.
ನಾನು ಹೇಳುವುದು ಒಂದೇ ಅಕ್ಷರದ ಸಂಗತಿ.

ಆಗ ನಾನು ಕಾರವಾರಕ್ಕೆ ಹೊಸಬಳು, ಮುಂಡಗೋಡದವಳು,
ಕೊಂಕಣಿ ಅಂದರೆ ಕಿವಿಗೆ ಬರೀ ಗಾಳಿ.
ಗಂಡಸರ ವಾರ್ಡಿನಲ್ಲಿ ಇಬ್ಬರು ತಾಂಡೇಲರು.
ಹನ್ನೊಂದರಲ್ಲಿ ಯಶವಂತ, ಬೈತಖೋಲದವ,
ಸಕ್ಕರೆ ಕಾಯಿಲೆ, ಕಾಲಲ್ಲಿ ಮಾಯದ ಹುಣ್ಣು.
ಹನ್ನೆರಡರಲ್ಲಿ ವಸಂತ, ಮಾಜಾಳಿಯವ,
ದೋಣಿಯಲ್ಲಿ ಜಾರಿ ಹೆಗಲ ಎಲುಬು ಮುರಿದವ.
ಸಂಜೆ, ಯಾವ ದೋಣಿ ತಿರುಗಿ ಬಂತು ನೋಡಬೇಕೆಂದು
ಯಶವಂತ ಕಿಟಕಿ ಪಕ್ಕದ ಮಂಚ ಬೇಡಿದ,
ವಸಂತ ಎದ್ದುಕೊಟ್ಟ.
ಇಷ್ಟೇ. ಒಂದು ಉಪಕಾರ.
ಯಾರೂ ಎಲ್ಲೂ ಬರೆಯಲಿಲ್ಲ.

ಏಳೂವರೆಗೆ ಕರೆಂಟು ಹೋಗಿತ್ತು.
ಕೈಯಲ್ಲಿ ಇನ್ಸುಲಿನ್, ತಲೆಯಲ್ಲಿ ಹನ್ನೊಂದು.
ಅರೆನಿದ್ದೆಯವನ ಮುಖಕ್ಕೆ ಬ್ಯಾಟರಿ ಹಿಡಿದು ಕೇಳಿದೆ:
ಸಕ್ಕರೆ ಇರೋದು ಯಾರಿಗೆ?
ಅವನೆಂದ: ನಾ.

ನಮ್ಮಲ್ಲಿ ‘ನಾ’ ಅಂದರೆ ನಾನು.
ಅವನಲ್ಲಿ ‘ನಾ’ ಅಂದರೆ ಇಲ್ಲ.

ನನ್ನ ಪ್ರಶ್ನೆಯೂ ಪ್ರಶ್ನೆಯಲ್ಲ, ತಂಗಿ.
ಉತ್ತರ ಮೊದಲೇ ನನ್ನ ಕೈಯಲ್ಲಿ ತುಂಬಿಕೊಂಡಿತ್ತು,
ಅವನು ಏನೆಂದರೂ ನನಗೆ ಹೌದೇ ಕೇಳಿಸುತ್ತಿತ್ತು.

ಎಂಟೂವರೆಗೆ ಅವನ ಅಂಗಿ ಒದ್ದೆಯಾಗಿತ್ತು.
ಅಕ್ಟೋಬರ್ ಸೆಕೆ, ಕಡಲೂರು,
ಇಲ್ಲಿ ಗೋಡೆಯೂ ಬೆವರುತ್ತದೆ ಅಂದುಕೊಂಡು
ಅವನ ಹೆಂಡತಿಗೆ ರಟ್ಟಿನ ತುಂಡು ಕೊಟ್ಟೆ, ಬೀಸು ಎಂದೆ.
ಅವಳು ಕೊಂಕಣಿಯಲ್ಲಿ ಏನೋ ಹೇಳುತ್ತಲೇ ಇದ್ದಳು.
ನಾನು ‘ಆಯ್ತು ಆಯ್ತು’ ಅನ್ನುತ್ತ ಮುಂದೆ ಹೋದೆ.

ಆಗ ಕಿಟಕಿಯ ಕಡೆಯಿಂದ ಒಂದು ಸಾಧು ಸ್ವರ:
ಸಿಸ್ಟರ್, ನನ್ನ ಸೂಜಿ ಇನ್ನೂ ಬಂದಿಲ್ಲ.

ಬಿಬಿಯಾನಾ, ಬೆನ್ನಹುರಿಯಲ್ಲಿ
ಇರುವೆ ಹರಿದಂತೆ ಅನ್ನುತ್ತಾರಲ್ಲ,
ಅದು ಇರುವೆಯಲ್ಲ, ಮಂಜಿನ ಗಡ್ಡೆ.
ಓಡಿದೆ. ಡಾಕ್ಟರು ಬಂದರು. ಗ್ಲೂಕೋಸ್ ಏರಿತು.
ಅವನ ರೆಪ್ಪೆ ಬಿಚ್ಚುವವರೆಗೆ
ನನ್ನ ಗಡಿಯಾರದ ಮುಳ್ಳು ಕಾಲು ಎಳೆಯಿತು.
ಕಣ್ಣು ತೆರೆದು ಅವನು ಕೇಳಿದ್ದು ಉದಕ.
ಅಷ್ಟು ಕೊಂಕಣಿ ನನಗೂ ತಿಳಿಯಿತು.

ದೊಡ್ಡ ತಪ್ಪು ಅದಲ್ಲ ಕೇಳು.
ದೊಡ್ಡದು ಆಮೇಲೆ, ರಿಜಿಸ್ಟರಿನ ಮುಂದೆ ಬಂದು ಕೂತಿತು,
ಸ್ನೇಹಿತೆಯ ಹಾಗೆ, ಕಿವಿಗೆ ಬಾಯಿಟ್ಟು:
ಬದುಕಿದನಲ್ಲ, ಇನ್ನು ಬರೆಯುವುದೇಕೆ?
ಕರೆಂಟೂ ಇರಲಿಲ್ಲ, ಕಂಡವರೂ ಇಲ್ಲ.
ಪೆನ್ನಿನ ಮುಚ್ಚಳ ಹಾಕಿಯೇಬಿಟ್ಟಿದ್ದೆ.
ಹಿಂದೆ ನಿಂತಿದ್ದರು ಹಿರಿಯ ಸಿಸ್ಟರ್ ಇನಾಸಿನಾ ಬಾಯಿ.
ಬೈಯಲಿಲ್ಲ. ಮುಚ್ಚಳ ತೆಗೆದು ಕೊಟ್ಟರು.
‘ಬರೆ. ಕೈ ನಡುಗಿದರೆ
ನಡುಗುವ ಅಕ್ಷರದಲ್ಲೇ ಬರೆ.’

ಆ ಪುಟದ ಅಕ್ಷರ ಈಗಲೂ ನನಗೇ ಓದಲಾಗುವುದಿಲ್ಲ.
ಆದರೆ ಪುಟ ಇದೆ.

ಮರುದಿನ ಬೆಳಿಗ್ಗೆ ವಸಂತನ ಬಳಿ ಹೋಗಿ
ನಡೆದದ್ದು ಹೇಳಿದೆ. ಅವನ ಮೈದುನ ಕನ್ನಡ ಬಲ್ಲವ,
ಒಂದೊಂದೇ ಮಾತು ದಾಟಿಸಿದ.
ವಸಂತ ಬಹಳ ಹೊತ್ತು ಮಾಡು ನೋಡಿದ.
ಕ್ಷಮಿಸಿದೆ ಎನ್ನಲಿಲ್ಲ. ಅವನಿಗೇನು ಕಡ್ಡಾಯವೇ?
ಆದರೆ ಅಂದಿನಿಂದ, ನಾನು ಹತ್ತಿರ ಹೋದರೆ ಸಾಕು,
ಗಟ್ಟಿ ಸ್ವರದಲ್ಲಿ, ಕಲಿತ ಕನ್ನಡದಲ್ಲಿ ಒಪ್ಪಿಸುತ್ತಿದ್ದ:
ವಸಂತ. ಅಪ್ಪ ಗಣಬಾ. ಊರು ಮಾಜಾಳಿ. ಸಕ್ಕರೆ ಇಲ್ಲ!
ವಾರ್ಡು ನಗುತ್ತಿತ್ತು. ನಾನೂ ನಕ್ಕೆ,
ನಾಲ್ಕನೆಯ ದಿನ.
ಐದನೆಯ ದಿನ ಅವನೇ ಕೇಳಿದ: ನಿನ್ನ ಹೆಸರು?
ಒಂಬತ್ತು ದಿನ ಅವನ ನಾಡಿ ಹಿಡಿದಿದ್ದೆ,
ಅದನ್ನು ಹೇಳಿರಲೇ ಇಲ್ಲ.
ನೀಲವ್ವ, ಎಂದೆ.

ಅಗೋ, ಬದಲಿಯವರು ಬಂದರು, ಗೇಟಿನ ಸದ್ದು.
ಅದಿರಲಿ, ಏಳನೆಯ ಮಂಚದ ನುಗ್ಗಿ ಗೌಡ,
ನೋವು ಕಡಿಮೆಯಾಯಿತೇ ಎಂದದ್ದಕ್ಕೆ ತಲೆ ಹಾಕಿದಳೆಂದು
‘ಕಡಿಮೆ’ ಎಂದು ಬರೆದಿದ್ದೀ.
ಅವಳು ಡಾಕ್ಟರಿಗೂ ತಲೆ ಹಾಕುತ್ತಾಳೆ,
ನೆಲ ಒರೆಸುವವಳಿಗೂ ಹಾಕುತ್ತಾಳೆ.
ಹೋಗು. ಪಕ್ಕದಲ್ಲಿ ಕೂತು
ಇನ್ನೊಮ್ಮೆ ಕೇಳು.
ಚಾ ನಾನು ಕಾಯಿಸಿಡುತ್ತೇನೆ.